ಕಾಕನಕೋಟೆಯ ಖೆಡ್ಡಾ: ಒಂದಾದ ಮೇಲೊಂದು

ಕಾಡಾನೆಗಳ ಹಿಂಡನ್ನು ದೊಡ್ಡಿಗಟ್ಟಿ ಹಿಡಿಯುವ ಖೆಡ್ಡಾದಲ್ಲಿ ಯಾವ ಕೆಲಸವೂ ಸರದಿ ತಪ್ಪುವಂತಿರಲಿಲ್ಲ. ಕಾಡಿನ ಕುರುಬರು ಮೊದಲು ಹೆಜ್ಜೆ, ಲದ್ದಿ ನೋಡಿ ಹಿಂಡಿನ ಜಾಡು ಹಿಡಿಯಬೇಕಿತ್ತು. ಆಮೇಲೆ ಜನ ಸುತ್ತುಗಟ್ಟಿ, ರಾತ್ರಿಯಿಡೀ ಬೆಂಕಿ ಕಾಯಬೇಕಿತ್ತು. ನಂತರ ತಮಟೆ, ಕೂಗಿಗೆ ಬೆದರಿ ಆನೆಗಳು ಕಪಿಲೆಗೆ, ಅಂದರೆ ಕಬಿನಿ ನದಿಗೆ, ಇಳಿಯುತ್ತಿದ್ದವು. ನದಿ ದಾಟಿದ ಹಿಂಡು ದಿಮ್ಮಿಗಳ ದೊಡ್ಡಿ ಹೊಕ್ಕರೆ ಬಾಗಿಲು ಬೀಳುತ್ತಿತ್ತು. ಪಳಗಿದ ಆನೆಗಳು ಇಕ್ಕೆಲದಲ್ಲೂ ಒತ್ತಿ ನಿಂತ ಮೇಲಷ್ಟೇ ಕಾಲಿಗೆ ಹಗ್ಗ. ಆ ಹಗ್ಗ ಕಟ್ಟಲು ಆನೆಗಳ ನಡುವೆ ನುಸುಳುತ್ತಿದ್ದವರ ಎದೆಗಾರಿಕೆ ದೊಡ್ಡದು. ಇತಿಹಾಸದಲ್ಲಿ ಅವರ ಹೆಸರುಗಳು ಕಾಣುವುದು ಅಪರೂಪ.

ಮೈಸೂರು ಸೀಮೆಯಲ್ಲಿ ಬ್ರಿಟಿಷ್ ಅಧಿಕಾರಿ ಸ್ಯಾಂಡರ್ಸನ್ ಈ ಪದ್ಧತಿಯನ್ನು ಗೆಲ್ಲಿಸಿದ್ದು 1874ರಲ್ಲಿ, ಚಾಮರಾಜನಗರದ ಬಳಿ. ಕಾಕನಕೋಟೆ ಹೆಸರಾದದ್ದು ಆಮೇಲೆ, ಆನೆಗಳನ್ನು ಹೊಳೆಗಿಳಿಸುವ ಆ ನೋಟದಿಂದ. ಅರಮನೆಯ ಅತಿಥಿಗಳು ಅದಕ್ಕೆಂದೇ ಬರುತ್ತಿದ್ದರು.

ಆದರೆ ಹಿಂಡಿನ ಪಾಲಿಗೆ ಖೆಡ್ಡಾ ಎಂದರೆ ಭಯ, ಗಾಯ, ಮರಿಗಳ ಅಗಲಿಕೆ.

ಕೊನೆಯ ಖೆಡ್ಡಾ 1971ರಲ್ಲಿ ನಡೆಯಿತು. ಮರುವರ್ಷ ವನ್ಯಜೀವಿ ಕಾಯ್ದೆ ಬಂತು. ಹಿಂದೆಯೇ ಕಬಿನಿ ಅಣೆಕಟ್ಟಿನ ಹಿನ್ನೀರು ಹಳೆಯ ಕಾಕನಕೋಟೆಯ ತಗ್ಗನ್ನು ತುಂಬಿತು.