ನಾಯಿಗಳ ವಸಡಿನ ರೋಗ: ತಡೆ
ಹಲ್ಲಿನ ಬುಡದಲ್ಲಿ ಕೂರುವ ಪ್ಲಾಕ್ ಎಂಬ ಬ್ಯಾಕ್ಟೀರಿಯಾಗಳ ಅಂಟುಪದರವೇ ಈ ರೋಗದ ಮೂಲ. ಎರಡು ಮೂರು ದಿನಗಳಲ್ಲೇ ಅದು ಜೊಲ್ಲಿನ ಖನಿಜಾಂಶ ಸೇರಿ ಗಟ್ಟಿ ಕಿಟ್ಟವಾಗುತ್ತದೆ. ಆಮೇಲೆ ಬ್ರಷ್ಷಿನಿಂದ ಹೋಗದು. ಆದ್ದರಿಂದ ದಿನವೂ ಹಲ್ಲುಜ್ಜುವುದೇ ಅತ್ಯುತ್ತಮ ತಡೆ. ಮೃದು ಬ್ರಷ್ಷನ್ನು ವಸಡಿನ ಅಂಚಿಗೆ, ಮುಖ್ಯವಾಗಿ ಹಲ್ಲಿನ ಹೊರಮೈಗೆ ಆಡಿಸಬೇಕು. ಮರಿಯಿದ್ದಾಗಲೇ ರೂಢಿ ಮಾಡಿಸುವುದು ಸುಲಭ. ಮನುಷ್ಯರ ಪೇಸ್ಟ್ ಸಲ್ಲದು: ನಾಯಿ ಅದನ್ನು ಉಗುಳದೆ ನುಂಗುತ್ತದೆ, ಕೆಲವು ಪೇಸ್ಟ್‌ಗಳಲ್ಲಿರುವ ಕ್ಸೈಲಿಟಾಲ್ ಎಂಬ ಸಿಹಿಕಾರಕ ಪ್ರಾಣಕ್ಕೇ ಅಪಾಯ. ಮೂಳೆ ಕಡಿದರೆ ಹಲ್ಲು ಶುಚಿಯಾಗುತ್ತದೆ ಎಂಬ ನಂಬಿಕೆ ಬಲವಾಗಿದೆ. ಆದರೆ ಗಟ್ಟಿ ಮೂಳೆ ದವಡೆ ಹಲ್ಲನ್ನೇ ಸೀಳಬಹುದು. ಪೊಮೆರೇನಿಯನ್‌ನಂಥ ಚಿಕ್ಕ ತಳಿಗಳ ಹಲ್ಲುಗಳು ಇಕ್ಕಟ್ಟಾಗಿರುವುದರಿಂದ ಹೆಚ್ಚಿನ ಎಚ್ಚರ ಬೇಕು. ಬಾಯಿ ವಾಸನೆ, ಕೆಂಪಾದ ವಸಡು ಆರಂಭದ ಲಕ್ಷಣಗಳು. ಈ ಹಂತದ ಉರಿಯೂತ ವಾಸಿಯಾಗುತ್ತದೆ. ಆದರೆ ರೋಗ ಮುಂದುವರಿದು ಹಲ್ಲು ಹಿಡಿದ ಮೂಳೆ ಸವೆದರೆ ಅದು ತಾನಾಗಿ ಮರಳಿ ಬೆಳೆಯದು. ಕಟ್ಟಿದ ಕಿಟ್ಟವನ್ನು ಪಶುವೈದ್ಯರು ಅರಿವಳಿಕೆ ನೀಡಿಯೇ ತೆಗೆಯಬೇಕು.