ಗ್ರಾಮರ್ ಹೆತ್ತ ಗ್ಲಾಮರ್

ಸಿನಿಮಾ ಸುದ್ದಿ ತೆರೆದರೆ ಸಾಕು, 'ಗ್ಲಾಮರ್' ಎಂಬ ಪದ ಕಣ್ಣಿಗೆ ಬೀಳುತ್ತದೆ. ಅಂದ, ಥಳುಕು ಎಂದು ನಾವೆಲ್ಲ ಅರ್ಥ ಮಾಡಿಕೊಂಡಿದ್ದೇವೆ. ಆದರೆ ಮುನ್ನೂರು ವರ್ಷಗಳ ಹಿಂದೆ ಸ್ಕಾಟ್ಲೆಂಡಿನ ಜನರ ಬಾಯಲ್ಲಿ ಇದು ಮಾಟದ ಪದ. ಇನ್ನೂ ವಿಚಿತ್ರವೆಂದರೆ, ಶಾಲೆಯಲ್ಲಿ ನಮ್ಮನ್ನು ಕಾಡಿದ ಇಂಗ್ಲಿಷ್ 'ಗ್ರಾಮರ್'ನಿಂದಲೇ ಇದು ಹುಟ್ಟಿದ್ದು.

ಗ್ರೀಕ್ ಭಾಷೆಯಲ್ಲಿ 'ಗ್ರಮ್ಮ' ಎಂದರೆ ಬರೆದ ಅಕ್ಷರ. (ನಮ್ಮ ಗ್ರಾಮಕ್ಕೂ ಇದಕ್ಕೂ ನಂಟಿಲ್ಲ!) ಅಕ್ಷರವಿದ್ಯೆಯ ಹೆಸರಾಗಿ ಅದು ಲ್ಯಾಟಿನ್, ಹಳೆಯ ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂತು. ಆಗ ಯುರೋಪಿನಲ್ಲಿ ಓದು ಬರುತ್ತಿದ್ದವರು ಕಡಿಮೆ, ಅವರಲ್ಲೂ ಪಾದ್ರಿಗಳೇ ಹೆಚ್ಚು. ಗ್ರಾಮರ್ ಕಲಿಯುವುದೆಂದರೆ ಲ್ಯಾಟಿನ್ ಕಲಿಯುವುದು. ಹೊಲದಲ್ಲಿ ದುಡಿಯುವವನಿಗೆ ಆ ಭಾಷೆಯ ಒಂದು ಮಾತೂ ತಿಳಿಯದು. ಪುಸ್ತಕ ನೋಡಿಕೊಂಡು ಒಬ್ಬ ಏನೋ ಗೊಣಗಿದರೆ ಅದು ಪ್ರಾರ್ಥನೆಯೋ ಮಂತ್ರವೋ, ಹೇಳುವವರ್ಯಾರು? ಹೀಗೆ ಓದಿಗೆ ಮಾಟದ ಅರ್ಥವೂ ಅಂಟಿಕೊಂಡಿತು. ಫ್ರೆಂಚರು ಮಾಟದ ಪುಸ್ತಕಕ್ಕೆ ಹೇಳುವ 'ಗ್ರಿಮ್ವಾರ್' ಕೂಡ ಇದೇ ಬಳ್ಳಿಯ ಕಾಯಿ.

ಸ್ಕಾಟ್ಲೆಂಡಿನಲ್ಲಿ 'ರ' ಜಾರಿ 'ಲ' ಆಯಿತು. ಅಲ್ಲಿನ ಕವಿ ಅಲನ್ ರಾಮ್ಸೆ 1721ರ ತನ್ನ ಪುಸ್ತಕದ ಪದಪಟ್ಟಿಯಲ್ಲಿ ಗ್ಲಾಮರ್ ಎಂದರೇನೆಂದು ವಿವರಿಸಿದ್ದಾನೆ: ಮಾಟಗಾರರು, ದೆವ್ವಗಳು ನೋಡುವವರ ಕಣ್ಣಿಗೆ ಮಾಡುವ ಮೋಸ. ನಮ್ಮಲ್ಲಿ ಇದಕ್ಕೆ ಅಚ್ಚುಕಟ್ಟಾದ ಪದವೇ ಇದೆ, ಕಣ್ಕಟ್ಟು.

ಅಲ್ಲಿ ಮಾಟ ಬರೀ ಕತೆಯ ವಿಷಯವಾಗಿರಲಿಲ್ಲ. 1563ರಿಂದ 1736ರವರೆಗೆ ಮಾಟ ಮಾಡಿದವರಿಗೆ ಮರಣದಂಡನೆ ವಿಧಿಸುವ ಕಾನೂನಿತ್ತು. 1597ರಲ್ಲಿ ರಾಜ ಆರನೆಯ ಜೇಮ್ಸನೇ ಮಾಟಗಾರರ ವಿರುದ್ಧ ಪುಸ್ತಕ ಬರೆದ. ಆರೋಪ ಹೊತ್ತವರಲ್ಲಿ ಹೆಚ್ಚಿನವರು ಹೆಂಗಸರು. ಓದಿದವರನ್ನು ಕಂಡು ಜನ ಹೆದರಿದ್ದು ನಿಜ, ಆದರೆ ಕಂಬಕ್ಕೆ ಕಟ್ಟಿಸಿಕೊಂಡವರಲ್ಲಿ ಪುಸ್ತಕ ಹಿಡಿದವರು ಕಡಿಮೆ, ಊರಿನ ಸಾಮಾನ್ಯ ಹೆಂಗಸರೇ ಹೆಚ್ಚು. ನಮ್ಮನ್ನು ಹೆಚ್ಚು ಕಾಡಿದ್ದು ಈ ಸಂಗತಿ.

ಕಾನೂನು ಹೋಯಿತು, ನಿಧಾನಕ್ಕೆ ಹೆದರಿಕೆಯೂ ಕರಗಿತು. ಹತ್ತೊಂಬತ್ತನೇ ಶತಮಾನದಲ್ಲಿ ವಾಲ್ಟರ್ ಸ್ಕಾಟ್ ತನ್ನ ಬರಹಗಳಿಂದ ಈ ಪದವನ್ನು ಇಂಗ್ಲಿಷ್ ಓದುಗರಿಗೆಲ್ಲ ಪರಿಚಯಿಸಿದ. ಮಾಟದ ಪದ ಮೋಡಿಯ ಪದವಾಯಿತು, ಆಮೇಲೆ ಹಾಲಿವುಡ್ ಅದನ್ನು ತಾರೆಯರಿಗೆ ತೊಡಿಸಿತು.

ಹಳೆಯ ಅರ್ಥ ಪೂರ್ತಿ ಅಳಿಸಿಹೋಗಿದೆ ಎಂದು ನಮಗನ್ನಿಸುವುದಿಲ್ಲ. ಮುಖ ಬೆಳ್ಳಗಾಗಿಸುವ ಕ್ರೀಮಿನ ಜಾಹೀರಾತನ್ನು ಒಮ್ಮೆ ನೋಡಿ.