ವಿದ್ಯಾರ್ಥಿಗಳ ಬಾಡಿಗೆ ವಸತಿ ಮತ್ತು ಧೂಮಪಾನದ ನಿಯಮ: ಒಂದು ಐತಿಹಾಸಿಕ ಅವಲೋಕನ

ವಿದ್ಯಾರ್ಥಿಗಳಿಗೆ ಕೊಠಡಿಗಳನ್ನು ಬಾಡಿಗೆಗೆ ಕೊಡುವವರ ಕರಾರು ಪತ್ರಗಳಲ್ಲಿ ‘ಧೂಮಪಾನ ನಿಷಿದ್ಧ’ ಎಂಬ ಒಂದು ಸಾಲು ಇಂದು ಹಲವೆಡೆ ಕಾಣಸಿಗುತ್ತದೆ. ಸಾಲು ಚಿಕ್ಕದು, ಅದರ ಹಿಂದಿರುವ ಇತಿಹಾಸವಾದರೋ ನಾಲ್ಕು ಶತಮಾನಗಳಷ್ಟು ದೀರ್ಘವಾದುದು.

ಅಮೆರಿಕ ಖಂಡದ ಸಸ್ಯವಾದ ಹೊಗೆಸೊಪ್ಪನ್ನು ಭಾರತಕ್ಕೆ ತಂದವರು ಪೋರ್ಚುಗೀಸರು. ಅಕ್ಬರನ ರಾಯಭಾರಿಯಾಗಿ ಬಿಜಾಪುರದ ಆದಿಲಶಾಹಿ ಆಸ್ಥಾನಕ್ಕೆ ಹೋಗಿದ್ದ ಅಸದ್ ಬೇಗನು 17ನೆಯ ಶತಮಾನದ ಆರಂಭದಲ್ಲಿ ಅಲ್ಲಿಂದ ಹೊಗೆಸೊಪ್ಪನ್ನೂ ಅದನ್ನು ಸೇದುವ ಕೊಳವೆಯನ್ನೂ ಕೊಂಡೊಯ್ದು ಬಾದಶಹನಿಗೆ ಅರ್ಪಿಸಿದನು. ಆಸ್ಥಾನದ ಹಕೀಮನು ಆಗಲೇ ಆಕ್ಷೇಪವೆತ್ತಿದನು. 1617ರಲ್ಲಿ ಜಹಾಂಗೀರನು ಧೂಮಪಾನವು ಹಾನಿಕರವೆಂದು ನಿಷೇಧಾಜ್ಞೆಯನ್ನೇ ಹೊರಡಿಸಿದನು. ಆದರೆ ಬೆಳೆ ಹಬ್ಬಿತು, ವ್ಯಾಪಾರ ವೃದ್ಧಿಸಿತು. ಆಜ್ಞೆ ಮಾತ್ರ ಉಳಿಯಲಿಲ್ಲ. ಜನರ ಮನಸ್ಸು ಒಪ್ಪದ ಆಜ್ಞೆ ಅರಮನೆಯಿಂದ ಬಂದರೂ ನಿಲ್ಲದೆಂಬುದಕ್ಕೆ ಇದು ಮೊದಲ ನಿದರ್ಶನ.

ಬಹುಕಾಲದವರೆಗೆ ಧೂಮಪಾನದ ನಷ್ಟವನ್ನು ಸೇದುವವನ ಖಾತೆಗೆ ಮಾತ್ರ ಬರೆಯಲಾಗುತ್ತಿತ್ತು. 1964ರಲ್ಲಿ ಅಮೆರಿಕದ ಸರ್ಜನ್ ಜನರಲ್ ಪ್ರಕಟಿಸಿದ ವರದಿ ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ಸಂಬಂಧವನ್ನು ಸಾರಿತು. ಭಾರತದ 1975ರ ಸಿಗರೇಟು ಕಾಯ್ದೆಯು ಪೊಟ್ಟಣದ ಮೇಲೆ ಎಚ್ಚರಿಕೆಯನ್ನು ಮುದ್ರಿಸುವಂತೆ ವಿಧಿಸಿತು. ಆದರೆ ವಿಚಾರದ ದಿಕ್ಕನ್ನೇ ಬದಲಿಸಿದ್ದು 1981ರಲ್ಲಿ ಪ್ರಕಟವಾದ ಜಪಾನಿನ ವಿಜ್ಞಾನಿ ಹಿರಾಯಾಮಾ ಅವರ ಅಧ್ಯಯನ. ತಾವು ಎಂದೂ ಸೇದದಿದ್ದರೂ, ವಿಪರೀತ ಸೇದುವ ಗಂಡಂದಿರ ಪತ್ನಿಯರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚೆಂದು ಅವರು ತೋರಿಸಿದರು. ಒಬ್ಬನ ಚಟದ ಸಾಲವನ್ನು ಮತ್ತೊಬ್ಬರು ತೀರಿಸಬೇಕಾಗುತ್ತದೆಂಬುದು ಲೋಕಕ್ಕೆ ತಿಳಿಯಿತು. ನಿಯಮದ ನೈತಿಕ ಆಧಾರವೂ ಇದೇ.

2001ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ವಿದ್ಯಾಸಂಸ್ಥೆ, ಆಸ್ಪತ್ರೆ, ಗ್ರಂಥಾಲಯ ಮೊದಲಾದ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ನಿಷೇಧಿಸಿತು. 2003ರ ಕಾಯ್ದೆಯು ಅದಕ್ಕೆ ಶಾಸನದ ರೂಪವನ್ನಿತ್ತು, ವಿದ್ಯಾಸಂಸ್ಥೆಯಿಂದ 100 ಗಜದೊಳಗೆ ತಂಬಾಕಿನ ಮಾರಾಟವನ್ನೂ ತಡೆಯಿತು. 2008ರ ಅಕ್ಟೋಬರ್ 2, ಗಾಂಧೀ ಜಯಂತಿಯಂದು, ಹೊಸ ನಿಯಮಗಳು ದೇಶದಾದ್ಯಂತ ಜಾರಿಗೆ ಬಂದವು. ಕರ್ನಾಟಕವು ತನ್ನ ತಿದ್ದುಪಡಿಯ ಮೂಲಕ ತಂಬಾಕನ್ನು ಮಾರಬಹುದಾದ ವಯಸ್ಸನ್ನು 18ರಿಂದ 21ಕ್ಕೆ ಏರಿಸಿದೆ. ಅಂದರೆ ಪದವಿ ತರಗತಿಯ ಬಹುಪಾಲು ವಿದ್ಯಾರ್ಥಿಗಳಿಗೆ ಸಿಗರೇಟನ್ನು ಮಾರುವುದೇ ಇಲ್ಲಿ ಅಪರಾಧ.

ಆದರೂ ಒಂದು ಕೊರತೆ ಉಳಿಯಿತು. ಕಾಯ್ದೆಯ ಗಮನವೆಲ್ಲ ಜನರು ಬಂದುಹೋಗುವ ಸ್ಥಳಗಳ ಮೇಲೆ. ಖಾಸಗಿ ಮನೆಯ ಬಾಡಿಗೆ ಕೊಠಡಿಯನ್ನು ಅದು ಹೆಸರಿಟ್ಟು ಹೇಳುವುದಿಲ್ಲ. ಹೊಗೆಯಾದರೋ ಕಿಟಕಿಯಿಂದ, ಬಾಗಿಲ ಸಂದಿಯಿಂದ ನೆರೆಯ ಕೊಠಡಿಗೆ ಹರಿಯುತ್ತದೆ. ಅಲ್ಲಿ ಉಬ್ಬಸವುಳ್ಳ ಬಾಲಕನೊಬ್ಬ ಪರೀಕ್ಷೆಗೆ ಓದುತ್ತಿರಬಹುದು. ಈ ಕೊರತೆಯನ್ನು ತುಂಬುವುದು 11 ತಿಂಗಳ ಬಾಡಿಗೆ ಕರಾರೇ. ಶಾಸನವು ನಿಂತ ಹೊಸ್ತಿಲಿನಿಂದ ಕರಾರಿನ ಕರ್ತವ್ಯ ಆರಂಭವಾಗುತ್ತದೆ.

ಇ-ಸಿಗರೇಟಿನ ವಿಷಯ ಬೇರೆ. ಬ್ಯಾಟರಿಯಿಂದ ದ್ರವವನ್ನು ಕಾಯಿಸಿ ಆವಿಯನ್ನು ಸೇದಿಸುವ ಈ ಸಾಧನ 2003ರ ಸುಮಾರಿಗೆ ಚೀನಾದಲ್ಲಿ ರೂಪುಗೊಂಡಿತು. ಬೂದಿಯಿಲ್ಲ, ಘಾಟಿಲ್ಲ, ಲೇಖನಿಯಂತೆ ಜೇಬಿನಲ್ಲಿರುತ್ತದೆ. ಆದಕಾರಣ ಇದು ಹಾನಿಯಿಲ್ಲದ್ದೆಂದು ತರುಣರು ಭ್ರಮಿಸಿದರು. ಅದರಲ್ಲಿಯೂ ಸಾಮಾನ್ಯವಾಗಿ ಇರುವುದು ಚಟ ಹಿಡಿಸುವ ನಿಕೋಟಿನ್ನೇ. ಕರ್ನಾಟಕವು 2016ರಲ್ಲಿಯೇ ಇದರ ಮಾರಾಟವನ್ನು ನಿಷೇಧಿಸಿತು. 2019ರ ಕೇಂದ್ರ ಕಾಯ್ದೆಯು ತಯಾರಿಕೆ, ಆಮದು, ಮಾರಾಟ, ಜಾಹೀರಾತುಗಳೆಲ್ಲವನ್ನೂ ತಡೆಯಿತು. ಮಾತ್ರವಲ್ಲ, ಇದರ ದಾಸ್ತಾನಿಗೆ ತಿಳಿದೂ ತಿಳಿದೂ ಸ್ಥಳವನ್ನು ಬಿಟ್ಟುಕೊಡಬಾರದೆಂದು ಸ್ಥಳದ ಒಡೆಯನಿಗೂ ವಿಧಿಸಿತು. ವಸತಿಗೃಹಗಳನ್ನು ನಡೆಸುವ ಟ್ರಸ್ಟುಗಳು ಈ ಮಾತನ್ನು ಗಮನಿಸುವುದು ಉಚಿತ.

ಹಾಗೆಂದು ಕರಾರನ್ನು ದಂಡ ವಸೂಲಿಯ ಸಾಧನವನ್ನಾಗಿ ಮಾಡಿಕೊಳ್ಳುವುದು ನ್ಯಾಯವಲ್ಲ. ನಿಯಮವನ್ನು ಮುಂಗಡ ಹಣ ಪಡೆಯುವ ಮೊದಲೇ ತಿಳಿಸಬೇಕು; ಅದು ಬಾಡಿಗೆದಾರನಿಗೂ ಅವನ ಅತಿಥಿಗೂ ಒಡೆಯನ ಸ್ವಂತ ಮಗನಿಗೂ ಒಂದೇ ಆಗಿರಬೇಕು. ಗೋಡೆಗೆ ಸುಣ್ಣ ಬಳಿಸಿದ ಖರ್ಚನ್ನು ಮುಂಗಡದಿಂದ ಕಳೆಯುವುದಾದರೆ ರಶೀದಿ ತೋರಿಸಬೇಕು. ಮೊದಲ ತಪ್ಪಿಗೇ ಹಾಸಿಗೆಯನ್ನು ಬೀದಿಗೆಸೆದರೆ ಚಟ ಬಿಡದು, ಓದು ಮಾತ್ರ ಬಿಟ್ಟುಹೋಗುತ್ತದೆ. ಚಟವನ್ನು ಬಿಡಬಯಸುವವರಿಗೆ ಸಲಹೆ ನೀಡಲು 1800-112-356 ಎಂಬ ಶುಲ್ಕರಹಿತ ರಾಷ್ಟ್ರೀಯ ದೂರವಾಣಿ ಇದೆ. ನಿಷೇಧದ ಫಲಕದ ಕೆಳಗೆ ಈ ಸಂಖ್ಯೆಯನ್ನೂ ಬರೆಸಿದರೆ ನಿಯಮಕ್ಕೆ ಕರುಣೆ ಕೂಡಿಕೊಳ್ಳುತ್ತದೆ.

ಜಹಾಂಗೀರನ ಆಜ್ಞೆ ಸೋತದ್ದು ಅಧಿಕಾರ ಸಾಲದೆಂದಲ್ಲ. ಪಕ್ಕದ ಕೊಠಡಿಯವನ ಉಸಿರು ತನ್ನ ಹೊಣೆಯೆಂದು ಸೇದುವವನಿಗೆ ತಿಳಿಸಬಲ್ಲ ನಿಯಮವೇ ಬಾಳುತ್ತದೆ. ಬಾಡಿಗೆ ಪಡೆಯುವವರು ಗೋಡೆ-ಮಾಡುಗಳನ್ನಷ್ಟೇ ಅಲ್ಲ, ಅವುಗಳ ನಡುವಣ ಗಾಳಿಯನ್ನೂ ಒದಗಿಸಲು ಒಪ್ಪಿಕೊಂಡಿರುತ್ತಾರೆ.